ದೂರದ ಸೈಕಲ್ ಪಯಣದಲ್ಲಿ ಮೊದಲಿನ ಅರ್ಧ ತಾಸು

ಸೊಲ್ಲಾಪುರದಿಂದ ವಿಜಯಪುರಕ್ಕೆ (ಹಿರಿಯರ ಬಾಯಲ್ಲಿ ಅದು ಇಂದಿಗೂ ವಿಜಾಪುರವೇ) ಹೆಚ್ಚು ಕಡಿಮೆ ನೂರು ಕಿಲೋಮೀಟರು ಹಾದಿ. ಭೀಮೆಯ ಸೇತುವೆಯನ್ನು ದಾಟಿ, ಝಳಕಿ, ಹೊರ್ತಿಗಳನ್ನು ಹಾಯ್ದು, ಗೋಳಗುಮ್ಮಟದ ನೆತ್ತಿ ಕಣ್ಣಿಗೆ ಬೀಳುವವರೆಗೆ ಈ ಹಾದಿಯನ್ನು ಸೈಕಲ್ಲಿನ ಮೇಲೆ ಒಂದೇ ದಿನದಲ್ಲಿ ಕ್ರಮಿಸುವದು ಹದಿನೆಂಟು ವರುಷದ ಆರೋಗ್ಯವಂತ ತರುಣನಿಗೆ ಅಸಾಧ್ಯವೇನಲ್ಲ. ಅಭ್ಯಾಸವಿದ್ದರೆ ಐವತ್ತು ದಾಟಿದ ಶಿಕ್ಷಕರಿಗೂ ಅಸಾಧ್ಯವಲ್ಲ. ಆದರೆ ಹೊರಟವರೆಲ್ಲರೂ ಊರು ಮುಟ್ಟುವದಿಲ್ಲ. ನಡುಹಾದಿಯಲ್ಲಿ ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟವರನ್ನು ವಿಚಾರಿಸಿ ನೋಡಿದರೆ, ಕಾಲಿನಲ್ಲಿ ಶಕ್ತಿಯಿಲ್ಲದೆ ಕುಳಿತವರು ಕೆಲವರೇ; ಇದ್ದ ಶಕ್ತಿಯನ್ನು ಮೊದಲಿನ ಹತ್ತಿಪ್ಪತ್ತು ಕಿಲೋಮೀಟರುಗಳಲ್ಲಿಯೇ ಚೆಲ್ಲಿಬಿಟ್ಟವರು ಹಲವರು. ಇಂಥವರಿಗೆಂದೇ ನಮ್ಮ ಹಿರಿಯರು ‘ಆರಂಭಶೂರರು’ ಎಂಬ ಹೆಸರನ್ನು ಇಟ್ಟಿರುವರು.

ನಮ್ಮ ಶಾಲೆಯ ದೊಡ್ಡ ತರಗತಿಗಳ ಹುಡುಗ ಹುಡುಗಿಯರೂ, ಶಾಲೆಯನ್ನು ಬಿಟ್ಟು ಉದ್ಯೋಗ ಹಿಡಿದ ತರುಣರೂ ರಜೆಯ ದಿನಗಳಲ್ಲಿ ಗುಂಪುಗೂಡಿ ಸೈಕಲ್ಲಿನ ಮೇಲೆ ಪರವೂರಿಗೆ ಹೋಗುವ ಹವ್ಯಾಸವನ್ನು ಬೆಳೆಸಿಕೊಳ್ಳುತ್ತಿರುವದು ಸಂತೋಷದ ಸಂಗತಿ. ಇವರ ಪೈಕಿ ಎಲ್ಲರ ದೇಹಬಲವೂ ಒಂದೇ ಬಗೆಯದಲ್ಲ. ಎಲ್ಲರ ಸೈಕಲ್ಲುಗಳೂ ಒಂದೇ ಬಗೆಯವಲ್ಲ. ಒಬ್ಬನದು ಹಗುರಾದ ಗೇರಿನ ಸೈಕಲ್ಲು. ಇನ್ನೊಬ್ಬನದು ಅಪ್ಪ ಹಾಲಿನ ಕ್ಯಾನು ಕಟ್ಟಿ ಓಡಿಸಿದ ಹಳೆಯ ಗಟ್ಟಿ ಸೈಕಲ್ಲು. ಹೊರಡುವಾಗ ಎಲ್ಲರಿಗೂ ಹುರುಪು ಒಂದೇ. ತೊಂದರೆ ಹುಟ್ಟುವದು ಅಲ್ಲಿಯೇ. ಆದುದರಿಂದ ದೂರದ ಪಯಣವನ್ನು ಹೇಗೆ ಆರಂಭಿಸಬೇಕು, ಮೈಯನ್ನು ಹೇಗೆ ಕಾಯಿಸಿಕೊಳ್ಳಬೇಕು, ಗತಿಯನ್ನು ಹೇಗೆ ಕಾದುಕೊಂಡು ಹೋಗಬೇಕು ಎಂಬ ವಿಷಯದಲ್ಲಿ ಶರೀರಶಾಸ್ತ್ರವು ಏನು ಹೇಳುವದೆಂಬದನ್ನು ವಾಚಕರ ಮುಂದೆ ಇಡಬೇಕೆಂದು ಎಣಿಸಿದ್ದೇವೆ.

ಸುಮ್ಮನೆ ಕುಳಿತ ಮನುಷ್ಯನ ದೇಹವು ನಿಮಿಷಕ್ಕೆ ಸುಮಾರು ಕಾಲು ಲೀಟರು ಆಮ್ಲಜನಕವನ್ನು ಬಳಸುವದು. ಅದೇ ಮನುಷ್ಯನು ಸಮನಾದ ರಸ್ತೆಯಲ್ಲಿ ತಾಸಿಗೆ ೨೦ ಕಿಲೋಮೀಟರಿನಂತೆ ಸೈಕಲ್ಲು ತುಳಿಯತೊಡಗಿದರೆ ಅವನಿಗೆ ನಿಮಿಷಕ್ಕೆ ಒಂದೂಕಾಲು ಲೀಟರು, ಒಂದೂವರೆ ಲೀಟರು ಆಮ್ಲಜನಕವು ಬೇಕಾಗುವದು. ಅಂದರೆ ಬೇಡಿಕೆಯು ಒಮ್ಮೆಲೆ ಐದಾರು ಪಟ್ಟು ಏರುವದು. ಬೇಡಿಕೆಯೇನೋ ಮೊದಲಿನ ತುಳಿತದಲ್ಲಿಯೇ ಏರಿತು. ಪೂರೈಕೆ ಹಾಗೆ ಏರಲಾರದು. ಹೃದಯದ ಬಡಿತ ಹೆಚ್ಚಬೇಕು, ಉಸಿರಾಟ ಆಳವಾಗಬೇಕು, ತೊಡೆಯ ಸ್ನಾಯುಗಳಲ್ಲಿಯ ಸಣ್ಣ ರಕ್ತನಾಳಗಳು ಅಗಲವಾಗಬೇಕು, ಹೊಟ್ಟೆಯ ಕಡೆಗೆ ಹರಿಯುತ್ತಿದ್ದ ರಕ್ತವು ಕಾಲಿನ ಕಡೆಗೆ ತಿರುಗಬೇಕು. ಸಾಧಾರಣ ಶ್ರಮದಲ್ಲಿ ಇದಕ್ಕೆಲ್ಲ ಎರಡು ಮೂರು ನಿಮಿಷ ಹಿಡಿಯುವದು. ಶ್ರಮ ಹೆಚ್ಚಿದಷ್ಟೂ ಇನ್ನೂ ತಡವಾಗುವದು.

ಈ ನಡುವಿನ ಅವಧಿಯಲ್ಲಿ ಸ್ನಾಯುಗಳು ಕೈಗಡದ ಮೇಲೆ ಬದುಕುವವು. ತಮ್ಮಲ್ಲಿ ಕೂಡಿಟ್ಟುಕೊಂಡ ಅಲ್ಪ ರಾಸಾಯನಿಕ ಬಂಡವಾಳವನ್ನು ಖರ್ಚು ಮಾಡುವವು. ಅದೂ ಸಾಲದಾದಾಗ ಆಮ್ಲಜನಕದ ನೆರವಿಲ್ಲದೆಯೇ ಶರ್ಕರವನ್ನು ಒಡೆದು ಬಲವನ್ನು ಪಡೆಯುವವು. ಹೀಗೆ ಒಡೆದಾಗ ದೊರೆಯುವ ಬಲವು, ಅದೇ ಶರ್ಕರವನ್ನು ಆಮ್ಲಜನಕದೊಡನೆ ಪೂರ್ತಿಯಾಗಿ ಉರಿಸಿದಾಗ ದೊರೆಯುವದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಮೆಲ್ಲಗೆ ಹೊರಟವನ ಕೈಗಡ ಸಣ್ಣದು, ಹಾದಿಯಲ್ಲಿಯೇ ತೀರಿಹೋಗುವದು. ಊರ ಹೊರಗಿನ ಮೊದಲಿನ ಏರನ್ನೇ ಎದ್ದು ನಿಂತು ತುಳಿದವನ ಕೈಗಡವಾದರೋ ದೊಡ್ಡದು. ಅವನು ಕಳೆದುಕೊಂಡದ್ದು ಆ ಹೊತ್ತಿನ ಉಸಿರನ್ನಷ್ಟೇ ಅಲ್ಲ. ಸಾಯಂಕಾಲಕ್ಕೆ ಬೇಕಾಗಿದ್ದ ಶರ್ಕರವನ್ನೂ ಹತ್ತು ಪಟ್ಟು ದುಂದುಗಾರಿಕೆಯಿಂದ ಸುಟ್ಟುಬಿಟ್ಟಿರುವನು.

ಇನ್ನು ಮೈ ಕಾಯಿಸುವ ಮಾತು. ನಮ್ಮ ಗರಡಿಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಯಾವ ಪೈಲವಾನನೂ ಮಟ್ಟಿಗೆ ಇಳಿದ ಕೂಡಲೆ ಪಟ್ಟು ಹಾಕುವದಿಲ್ಲ. ದಂಡ, ಬಸ್ಕಿಗಳನ್ನು ಹೊಡೆದು ಮೈ ಬೆವೆತ ಮೇಲೆಯೇ ಜೋಡಿಗೆ ಕೈ ಕೊಡುವನು. ಏಕೆಂಬದಕ್ಕೆ ಶಾಸ್ತ್ರವು ಹೇಳುವದಿಷ್ಟು: ವಿಶ್ರಾಂತಿಯಲ್ಲಿರುವಾಗ ತೊಡೆಯ ಸ್ನಾಯುವಿನ ಉಷ್ಣತೆಯು ದೇಹದ ಒಳಗಿನ ಉಷ್ಣತೆಗಿಂತ ಒಂದೆರಡು ಅಂಶ ಕಡಿಮೆ ಇರುವದು. ಕೆಲಸಕ್ಕೆ ತೊಡಗಿದೊಡನೆ ಅದು ಏರತೊಡಗಿ, ಹತ್ತರಿಂದ ಇಪ್ಪತ್ತು ನಿಮಿಷಗಳಲ್ಲಿ ೩೮ ಅಂಶವನ್ನು ದಾಟಿ ಒಂದು ಮಟ್ಟಕ್ಕೆ ನಿಲ್ಲುವದು. ಕಾದ ಸ್ನಾಯು ಬೇಗನೆ ಸಂಕೋಚಗೊಳ್ಳುವದು, ಬೇಗನೆ ಸಡಿಲಾಗುವದು. ಅದರೊಳಗೆ ಹರಿಯುವ ರಕ್ತವು ತಾನು ಹೊತ್ತು ತಂದ ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುವದು. ಮೊಣಕಾಲಿನ ಕೀಲುಗಳೊಳಗಿನ ಜಿಡ್ಡುದ್ರವವೂ ತೆಳುವಾಗಿ ಹರಡುವದು. ಚಳಿಗಾಲದ ಮುಂಜಾವಿನಲ್ಲಿ ಮೊಣಕಾಲು ‘ಕಟಕಟ’ ಎನ್ನುವವರು ಕಾಲು ತಾಸು ಮೆಲ್ಲಗೆ ತುಳಿದು ನೋಡಲಿ. ಶಬ್ದ ತಾನಾಗಿ ಅಡಗುವದುಂಟು.

ಹೃದಯದ ಸಂಗತಿ ಇದಕ್ಕಿಂತ ಗಂಭೀರವಾದದ್ದು. ೧೯೭೩ರಲ್ಲಿ ಬಾರ್ನಾರ್ಡ್ ಮೊದಲಾದ ಅಮೆರಿಕದ ಸಂಶೋಧಕರು, ಆರೋಗ್ಯವಂತರೆಂದು ಗೊತ್ತಿದ್ದ ಗಂಡಸರನ್ನು ಮೈ ಕಾಯಿಸದೆ ಒಮ್ಮೆಲೆ ಜೋರಾಗಿ ಓಡಿಸಿ ಅವರ ಹೃದಯದ ವಿದ್ಯುತ್‌ರೇಖೆಯನ್ನು ಪರೀಕ್ಷಿಸಿದರು. ಹಲವರ ರೇಖೆಯಲ್ಲಿ, ಹೃದಯದ ಸ್ನಾಯುವಿಗೆ ಆ ಕ್ಷಣಕ್ಕೆ ರಕ್ತವು ಸಾಲದಾಯಿತೆಂಬ ಗುರುತುಗಳು ಕಂಡವು. ಮೊದಲು ಕೆಲವು ನಿಮಿಷ ಹಗುರಾಗಿ ಮೈ ಕಾಯಿಸಿಕೊಂಡು ಓಡಿದಾಗ ಆ ಗುರುತುಗಳು ಬಹುಮಟ್ಟಿಗೆ ಇಲ್ಲದಾದವು. ಹದಿನಾರರ ಹುಡುಗನು ಈ ಮಾತನ್ನು ಮರೆತರೂ ನಡೆದೀತು. ನಲವತ್ತು ದಾಟಿದ ನಾವು ಮರೆಯುವಂತಿಲ್ಲ. ರಕ್ತದ ಒತ್ತಡ, ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಸ್ಪರ್ಧೆಯ ಪಂದ್ಯಾಳುಗಳು ಪಂದ್ಯದ ಮುಂಚೆ ನಿಂತ ಸೈಕಲ್ಲಿನ ಮೇಲೆ ಅರ್ಧ ತಾಸು ತುಳಿದು ಬೆವರು ಹರಿಸುವದನ್ನು ಚಿತ್ರಗಳಲ್ಲಿ ಕಂಡ ನಮ್ಮ ಹುಡುಗರು, ಹೊರಡುವ ಮೊದಲೇ ಶಾಲೆಯ ಬಯಲಿನಲ್ಲಿ ನಾಲ್ಕು ಸುತ್ತು ಭರದಿಂದ ಹೊಡೆಯುವದುಂಟು. ಅದು ನಾಲ್ಕೈದು ಕಿಲೋಮೀಟರಿನ ಪಂದ್ಯಕ್ಕೆ ತಕ್ಕದ್ದು. ಅಲ್ಲಿ ಗುಂಡು ಹಾರಿದ ಮರುಕ್ಷಣದಿಂದಲೇ ಪೂರ್ಣ ಬಲವನ್ನು ಹಾಕಬೇಕಾಗುವದು. ನೂರು ಕಿಲೋಮೀಟರಿನ ಪಯಣಕ್ಕೆ ಬೇರೆ ಮೈಕಾಯಿಸುವಿಕೆ ಬೇಕಾಗಿಲ್ಲ. ಪಯಣದ ಮೊದಲಿನ ಅರ್ಧ ತಾಸೇ ಮೈಕಾಯಿಸುವಿಕೆ. ಖ್ಯಾಲ ಹಾಡುವವರು ವಿಲಂಬಿತದಿಂದ ತೊಡಗುವದು ಗಂಟಲನ್ನು ಸಾಗಿಸಿಕೊಳ್ಳಲಿಕ್ಕಷ್ಟೇ ಅಲ್ಲ. ಆ ವಿಲಂಬಿತವೂ ಸಂಗೀತವೇ ಅಲ್ಲವೇ? ಹಾಗೆಯೇ ಇದು. ಕಾಲು ಚಾಚಿ, ಸೊಂಟ ಬಗ್ಗಿಸಿ ಬಹಳ ಹೊತ್ತು ಜಗ್ಗಿ ಹಿಡಿಯುವದರಿಂದಲೂ ಹೆಚ್ಚಿನ ಲಾಭವಿಲ್ಲ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಜಗ್ಗಿ ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಂದುವದೆಂದು ಕಂಡುಬಂದಿದೆ.

ನಮ್ಮ ಸೀಮೆಯ ಬೇಸಿಗೆಗೆ ಇನ್ನೊಂದು ಎಚ್ಚರಿಕೆ ಬೇಕು. ಮನುಷ್ಯನು ತಿಂದ ಅನ್ನದ ಬಲದಲ್ಲಿ ಪೆಡಲಿಗೆ ಮುಟ್ಟುವದು ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲು ಮಾತ್ರ. ಉಳಿದದ್ದೆಲ್ಲ ಕಾವಾಗಿ ಹೋಗುವದು. ಚಳಿದೇಶದವರಿಗೆ ಈ ಕಾವು ವರ, ನಮಗೆ ಭಾರ. ಉಷ್ಣಮಾಪಕವು ೪೦ ಅಂಶವನ್ನು ದಾಟುವ ಎಪ್ರಿಲ್, ಮೇ ತಿಂಗಳುಗಳಲ್ಲಿ ದೇಹದ ಒಳಗಿನ ಕಾವನ್ನು ಮೊದಲೇ ಏರಿಸಿಕೊಂಡು ಹೊರಡುವವನು ಅಷ್ಟೇ ಬೇಗ ದಣಿಯುವನು. ಆ ದಿನಗಳಲ್ಲಿ ಬೆಳಗಿನ ಬೆಳಕು ಹರಿಯುತ್ತಲೇ ಹೊರಟು, ಹತ್ತು ಗಂಟೆಯೊಳಗೆ ನೆರಳನ್ನು ಸೇರುವದೇ ಜಾಣತನ. ನೂರು ಕಿಲೋಮೀಟರಿನ ಮಾತನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಲಿ.

ಇನ್ನು ಗತಿಯ ವಿಚಾರ. ಇದನ್ನು ಅಂಕಗಣಿತದಿಂದಲೇ ತೋರಿಸಬಹುದು. ರಾಮನು ನೂರು ಕಿಲೋಮೀಟರನ್ನು ತಾಸಿಗೆ ೨೦ರಂತೆ ಒಂದೇ ಗತಿಯಲ್ಲಿ ತುಳಿದು ಐದು ತಾಸಿನಲ್ಲಿ ಮುಟ್ಟುವನು. ಭೀಮನು ಮೊದಲಿನ ಐವತ್ತನ್ನು ತಾಸಿಗೆ ೨೫ರಂತೆ ಎರಡು ತಾಸಿನಲ್ಲಿ ಮುಗಿಸಿ, ದಣಿದು, ಉಳಿದ ಐವತ್ತನ್ನು ಮೂರು ತಾಸಿನಲ್ಲಿ ಎಳೆಯುವನು. ಇಬ್ಬರೂ ಮುಟ್ಟಿದ್ದು ಐದು ತಾಸಿಗೇ. ಆದರೆ ಗಾಳಿಯು ಒಡ್ಡುವ ತಡೆಯು ವೇಗದ ವರ್ಗಕ್ಕೆ ಅನುಸಾರವಾಗಿ ಏರುವದು. ಲೆಕ್ಕ ಹಾಕಿದರೆ, ನಿಂತ ಗಾಳಿಯನ್ನು ಸೀಳಲಿಕ್ಕೆ ಭೀಮನು ಪಟ್ಟ ಶ್ರಮವು ರಾಮನದಕ್ಕಿಂತ ನೂರಕ್ಕೆ ಹದಿಮೂರರಷ್ಟು ಹೆಚ್ಚು. ಒಂದೇ ಹೊತ್ತಿಗೆ ಮುಟ್ಟಲಿಕ್ಕೆ ಹದಿಮೂರು ಪಾಲು ದಂಡ! ಮೊದಲಿನ ಎರಡು ತಾಸು ರಾಮನನ್ನು ಹಿಂದೆ ಹಾಕಿದ ಸುಖ ಮಾತ್ರ ಅವನ ಗಳಿಕೆ. ಇನ್ನು ಆ ಎರಡು ತಾಸುಗಳಲ್ಲಿ, ಗಾಳಿಯೊಂದಕ್ಕೇ ಪ್ರತಿ ನಿಮಿಷವೂ ಹಾಕಬೇಕಾದ ಬಲವು ವೇಗದ ಘನಕ್ಕೆ ಅನುಸಾರವಾಗಿ ಏರುವದರಿಂದ, ಭೀಮನು ರಾಮನಿಗಿಂತ ಹೆಚ್ಚು ಕಡಿಮೆ ಇಮ್ಮಡಿ ಬಲವನ್ನು ಗಾಳಿಗೆ ತೆತ್ತಿರುವನು.

ಆದರೆ ಇದರಿಂದ, ಹಾದಿಯುದ್ದಕ್ಕೂ ವೇಗವು ಒಂದೇ ಇರಬೇಕೆಂದು ತಿಳಿಯಬಾರದು. ಒಂದೇ ಇರಬೇಕಾದದ್ದು ಶ್ರಮ, ವೇಗವಲ್ಲ. ಎದುರುಗಾಳಿ ಬೀಸಿದಾಗ, ಏರು ಬಂದಾಗ ವೇಗವು ಇಳಿಯಲೇಬೇಕು. ಸೈಕಲ್ಲು ಸೇರಿ ೮೦ ಕಿಲೋಗ್ರಾಂ ತೂಗುವವನು ನೂರಕ್ಕೆ ಐದರ ಏರನ್ನು ತಾಸಿಗೆ ೧೦ರಂತೆ ಹತ್ತಿದರೆ, ಬರಿಯ ಭಾರ ಎತ್ತಲಿಕ್ಕೇ ಸುಮಾರು ೧೧೦ ವ್ಯಾಟು ಬಲ ಬೇಕು. ಸಮನಾದ ರಸ್ತೆಯಲ್ಲಿ ತಾಸಿಗೆ ಇಪ್ಪತ್ತರಂತೆ ಹೋಗುವವನ ಪೂರ್ಣ ಶ್ರಮವೂ ಹೆಚ್ಚು ಕಡಿಮೆ ಇಷ್ಟೇ. ಅದೇ ಏರನ್ನು ಹದಿನೈದರಂತೆ ಹತ್ತುವೆನೆಂದರೆ ೧೬೦ ವ್ಯಾಟು ದಾಟುವದು. ಗೇರು ಇದ್ದವರು ಏರು ಆರಂಭವಾಗುವ ಮೊದಲೇ ಹಗುರು ಗೇರಿಗೆ ಬರಲಿ. ಗೇರು ಇಲ್ಲದ ಹಳೆಯ ಸೈಕಲ್ಲಿನವರು ಕಡಿದಾದ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಲಿ. ಹಾಗೆ ನಡೆಯುವದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆ ಎರಡು ನಿಮಿಷದ ನಡಿಗೆಯಲ್ಲಿ ಕುಳಿತು ಕುಳಿತು ನೊಂದ ಬೆನ್ನಿಗೂ ವಿಶ್ರಾಂತಿಯಾಗುವದು.

ತನ್ನ ಶ್ರಮವನ್ನು ಅಳೆಯುವದು ಹೇಗೆ? ಈಗ ಎದೆಬಡಿತವನ್ನೂ, ಪೆಡಲಿನ ಬಲವನ್ನೂ ತೋರಿಸುವ ಯಂತ್ರಗಳು ಬಂದಿವೆ, ಇದ್ದವರು ಬಳಸಲಿ. ಇಲ್ಲದವರಿಗೆ ಮಾತೇ ಅಳತೆಗೋಲು. ಪಕ್ಕದ ಗೆಳೆಯನೊಡನೆ ಒಂದು ಪೂರ್ಣ ವಾಕ್ಯವನ್ನು ನಡುವೆ ಉಸಿರು ಕಡಿಯದಂತೆ ಆಡಲಿಕ್ಕೆ ಸಾಧ್ಯವಾದರೆ ಗತಿಯು ದಿನವಿಡೀ ಬಾಳುವಂಥದು. ಎರಡು ಮೂರು ಶಬ್ದಗಳಿಗೊಮ್ಮೆ ಉಸಿರು ಎಳೆಯಬೇಕಾದರೆ ಅದು ಅರ್ಧ ತಾಸಿನ ಗತಿ. ಮೊದಲಿನ ಅರ್ಧ ತಾಸಿನಲ್ಲಾದರೋ ಹಾಡು ಹೇಳುತ್ತ ಹೋಗುವಷ್ಟು ಹಗುರಾಗಿರಬೇಕು. ಕಾಲಿನ ಸುತ್ತುಗಳನ್ನು ಎಣಿಸುವದೂ ಒಂದು ಉಪಾಯ. ಮುಂದಿನ ಹಲ್ಲುಗಾಲಿಗೆ ೪೪, ಹಿಂದಿನದಕ್ಕೆ ೧೮ ಹಲ್ಲುಗಳಿರುವ ದೊಡ್ಡ ಗಾಲಿಯ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಐದು ಮೀಟರಿಗಿಂತ ತುಸು ಹೆಚ್ಚು ದಾರಿ ಸಾಗುವದು. ನಿಮಿಷಕ್ಕೆ ೬೨ ಸುತ್ತು ತುಳಿದರೆ ತಾಸಿಗೆ ಇಪ್ಪತ್ತು ಕಿಲೋಮೀಟರು ಆಯಿತು. ಕೈಗಡಿಯಾರವೊಂದಿದ್ದರೆ ಸಾಕು.

ಹೊಟ್ಟೆಯ ಮಾತನ್ನು ಬಿಡುವಂತಿಲ್ಲ. ಗತಿಯ ಗುಟ್ಟು ಅರ್ಧ ಅಲ್ಲಿಯೇ ಇದೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ‘ಗ್ಲೈಕೋಜನ್’ ಎಂಬ ರೂಪದಲ್ಲಿ ಕೂಡಿಟ್ಟ ಶರ್ಕರವು ಒಟ್ಟಿಗೆ ೪೦೦-೫೦೦ ಗ್ರಾಂ ಮಾತ್ರ. ಕೊಬ್ಬಿನ ಉಗ್ರಾಣವಾದರೋ ತೆಳ್ಳಗಿನವನಲ್ಲಿಯೂ ದೊಡ್ಡದು. ಹಗುರಾಗಿ ತುಳಿದಾಗ ದೇಹವು ಬಲದ ದೊಡ್ಡ ಪಾಲನ್ನು ಕೊಬ್ಬಿನಿಂದ ಪಡೆಯುವದು. ಶ್ರಮ ಏರಿದಂತೆ ಶರ್ಕರದ ಪಾಲು ಏರುತ್ತ ಹೋಗುವದು. ಆದುದರಿಂದ ಭರದಿಂದ ಹೊರಟವನು ಸಣ್ಣ ಉಗ್ರಾಣವನ್ನು ಬರಿದು ಮಾಡಿಕೊಂಡು, ದೊಡ್ಡ ಉಗ್ರಾಣದ ಮುಂದೆ ಹಸಿದು ಕೂಡುವನು. ಕಣ್ಣು ಮಂಜಾಗುವದು, ಕೈ ನಡುಗುವದು, ಕಾರಣವಿಲ್ಲದೆ ಸಿಟ್ಟು ಬರುವದು: ಇವು ಶರ್ಕರ ತೀರಿತೆಂಬುದರ ಚಿಹ್ನೆಗಳು. ಆಮೇಲೆ ತಿಂದರೆ ಚೇತರಿಸಲಿಕ್ಕೆ ಬಹಳ ಹೊತ್ತು ಬೇಕು. ತಾಸಿಗೆ ಸುಮಾರು ೪೦೦ ಕಿಲೋಕ್ಯಾಲರಿ ಖರ್ಚಾಗುವ ಈ ಕೆಲಸದಲ್ಲಿ ಮೊದಲಿನ ತಾಸು ಮುಗಿಯುವ ಮೊದಲೇ ಬಾಯಾಡಿಸತೊಡಗಬೇಕು. ತಾಸಿಗೆ ೩೦ರಿಂದ ೬೦ ಗ್ರಾಂ ಪಿಷ್ಟ ಶರ್ಕರ ಸಾಕು. ಒಂದು ಬಾಳೆಹಣ್ಣು ಸುಮಾರು ೨೫ ಗ್ರಾಂ ಕೊಡುವದು. ಹಣ್ಣಿನ ಜೊತೆಗೆ ಶೇಂಗಾ ಹೋಳಿಗೆಯ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡವನು ಅಂಗಡಿಯ ಬಣ್ಣದ ಪೊಟ್ಟಣಗಳಿಗೆ ಹಂಬಲಿಸಬೇಕಾಗಿಲ್ಲ. ಬಿಸಿಲಿನಲ್ಲಿ ತಾಸಿಗೆ ಲೀಟರಿನಷ್ಟು ಬೆವರು ಹರಿಯಬಹುದಾದ್ದರಿಂದ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಇನ್ನೂ ಉತ್ತಮ.

ಜಗತ್ತಿನ ಅತಿ ಬಲಾಢ್ಯರೂ ಈ ನಿಯಮದಿಂದ ಹೊರತಲ್ಲ. ಬೆಲ್ಜಿಯಮ್ ದೇಶದ ಎಡ್ಡಿ ಮರ್ಕ್ಸ್ ತನ್ನ ಕಾಲದ ಅಪ್ರತಿಮ ಸೈಕಲ್ ಪಟು. ೧೯೭೨ರ ಅಕ್ಟೋಬರ ೨೫ರಂದು ಅವನು ಮೆಕ್ಸಿಕೋ ನಗರದ ತೆಳು ಗಾಳಿಯಲ್ಲಿ, ಒಂದು ತಾಸಿನಲ್ಲಿ ಎಷ್ಟು ದೂರ ಹೋಗಬಹುದೆಂಬ ಪರೀಕ್ಷೆಗೆ ಇಳಿದನು. ಹತ್ತು, ಇಪ್ಪತ್ತು ಕಿಲೋಮೀಟರುಗಳ ದಾಖಲೆಗಳನ್ನೂ ಹಾದಿಯಲ್ಲಿಯೇ ಮುರಿಯಬೇಕೆಂಬ ಹಟದಿಂದ ಮೊದಲಿನ ಹತ್ತನ್ನು ೧೧ ನಿಮಿಷ ೫೩ ಸೆಕೆಂಡಿನಲ್ಲಿ ಮುಗಿಸಿದನು. ಎರಡನೆಯ ಹತ್ತಕ್ಕೆ ೧೨ ನಿಮಿಷ ೧೩ ಸೆಕೆಂಡು ಹಿಡಿಯಿತು. ತಾಸು ಮುಗಿದಾಗ ೪೯.೪೩೧ ಕಿಲೋಮೀಟರು ಆಗಿತ್ತು. ದಾಖಲೆಯೇನೋ ಆಯಿತು, ಹನ್ನೊಂದು ವರುಷಕ್ಕೂ ಹೆಚ್ಚು ಕಾಲ ನಿಂತಿತು ಕೂಡ. ಆದರೆ ಆ ತಾಸಿನ ಯಾತನೆಯನ್ನು ಇನ್ನೊಮ್ಮೆ ಅನುಭವಿಸಲಿಕ್ಕೆ ಅವನು ಮುಂದೆಂದೂ ಒಪ್ಪಲಿಲ್ಲ. ಮರ್ಕ್ಸನಿಗೆ ತಡೆದದ್ದು ನಮಗೆ ತಡೆಯುವದೆಂದು ನಂಬುವದು ಸಾಹಸವಲ್ಲ, ಅವಿಚಾರ.

ಇದೇ ಒಂದು ತಾಸಿನ ದಾಖಲೆಯನ್ನು ಮೊಟ್ಟಮೊದಲು ಸ್ಥಾಪಿಸಿದವನು ಫ್ರಾನ್ಸಿನ ಆಂರಿ ದೆಗ್ರಾಂಜ್, ೧೮೯೩ರಲ್ಲಿ ೩೫.೩೨೫ ಕಿಲೋಮೀಟರು. ವೇಗದ ಈ ಉಪಾಸಕನೇ ಮುಂದೆ, ವೇಗವನ್ನು ಕಟ್ಟಿಹಾಕುವ ಒಂದು ಪದ್ಧತಿಗೆ ತನ್ನ ದೇಶದಲ್ಲಿ ನೀರೆರೆದನೆಂಬದು ಸ್ವಾರಸ್ಯವಾಗಿದೆ. ೧೮೯೭ರಲ್ಲಿ ಇಟಲಿಯ ಕೆಲವರು ರೋಮಿನಿಂದ ನೇಪಲ್ಸಿಗೆ ೨೩೦ ಕಿಲೋಮೀಟರನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವೆ ಕ್ರಮಿಸಿ ‘ಆಡಾಕ್ಸ್’, ಅಂದರೆ ಧೀರರು, ಎಂದು ಹೆಸರು ಪಡೆದಿದ್ದರು. ೧೯೦೪ರಲ್ಲಿ ದೆಗ್ರಾಂಜನು ಈ ಬಗೆಯ ಪಯಣವನ್ನು ಫ್ರಾನ್ಸಿನಲ್ಲಿ ಆರಂಭಿಸಿದನು. ಇದರಲ್ಲಿ ಮುಂದಾಳು ಒಬ್ಬನು ಗೊತ್ತು ಮಾಡಿದ ಗತಿಯಲ್ಲಿ ನಡೆಯುವನು. ಈಗ ರೂಢಿಯಲ್ಲಿರುವದು ತಾಸಿಗೆ ೨೨.೫ ಕಿಲೋಮೀಟರು. ಅವನನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಗುಂಪು ಕೂಡಿಯೇ ಹೊರಟು ಕೂಡಿಯೇ ಮುಟ್ಟಬೇಕು. ೧೯೨೧ರಿಂದ ಬೇರೆಯಾಗಿ ಬೆಳೆದ ಇನ್ನೊಂದು ಪದ್ಧತಿಯಲ್ಲಿ ಪ್ರತಿಯೊಬ್ಬನೂ ತನ್ನ ಗತಿಯಲ್ಲಿ ಹೋಗಬಹುದು, ಆದರೆ ಅವಧಿ ಮೀರಬಾರದು: ೨೦೦ ಕಿಲೋಮೀಟರಿಗೆ ಹದಿಮೂರೂವರೆ ತಾಸು. ಬೆಂಗಳೂರು, ಪುಣೆಗಳಲ್ಲಿ ಈ ಬಗೆಯ ಸವಾರಿಗಳು ಈಗ ನಡೆಯುತ್ತಿವೆ. ಊಟ, ವಿಶ್ರಾಂತಿ, ಪಂಕ್ಚರು ಎಲ್ಲವನ್ನೂ ಹಿಡಿದು ತಾಸಿಗೆ ಹದಿನೈದೂ ಬೀಳದ ಈ ಅವಧಿಯನ್ನು ನೋಡಿ ಹುಡುಗರು ನಗಬಹುದು. ಎಂಟನೆಯ ತಾಸಿನಲ್ಲಿ ನಗು ಉಳಿಯಲಾರದು.

ನಮ್ಮ ಶಾಲೆಯ ಗುಂಪುಗಳಿಗೆ ಮೊದಲಿನ ಪದ್ಧತಿಯೇ ಒಳ್ಳೆಯದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಗುಂಪಿನಲ್ಲಿ ಎಲ್ಲರಿಗಿಂತ ಬಲಿಷ್ಠನಾದವನು ಮುಂದೆ ಇದ್ದರೆ, ಹಿಂದಿನ ಬಲಹೀನನು ಅವನನ್ನು ಹಿಡಿಯಲಿಕ್ಕೆಂದೇ ತನ್ನ ಮೊದಲಿನ ಅರ್ಧ ತಾಸನ್ನು ಕೆಡಿಸಿಕೊಳ್ಳುವನು. ತಾನು ದಣಿದೆನೆಂದು ಬಾಯಿಬಿಟ್ಟು ಹೇಳಲಿಕ್ಕೆ ಹದಿನಾಲ್ಕರ ಹುಡುಗನಿಗೆ ನಾಚಿಕೆ, ಹುಡುಗಿಗೆ ಇನ್ನೂ ಹೆಚ್ಚು. ನಮ್ಮ ರಸ್ತೆಗಳಲ್ಲಿ ದೊಡ್ಡ ಲಾರಿಗಳು ಎಡೆಬಿಡದೆ ಓಡುವವು. ದಣಿದು ಒಬ್ಬಂಟಿಯಾಗಿ ಹಿಂದುಳಿದು, ಕಣ್ಣು ಮಂಜಾಗಿ ಹ್ಯಾಂಡಲು ಹೊಯ್ದಾಡುವ ಮಗುವಿಗೆ ಆಗಬಹುದಾದ ಅಪಾಯವನ್ನು ಬಿಡಿಸಿ ಹೇಳಬೇಕೆ? ಮುಂದೆ ಅನುಭವವುಳ್ಳ ಶಿಕ್ಷಕರೊಬ್ಬರು, ಅವರ ಬೆನ್ನ ಹಿಂದೆಯೇ ಗುಂಪಿನ ಅತ್ಯಂತ ಮೆಲ್ಲನೆಯ ಸವಾರ, ಕಟ್ಟಕಡೆಗೆ ಪಂಪು, ಪಂಕ್ಚರ್ ಸಾಮಾನು ಹೊತ್ತ ಬಲಿಷ್ಠ ತರುಣ — ಹೀಗೆ ಒಂದೇ ಸಾಲಾಗಿ ಹೋಗುವದು ಮೇಲು. ಮುಂದಿನವನ ಮರೆಯಲ್ಲಿ ಸಾಗುವವನಿಗೆ ಗಾಳಿಯ ತಡೆ ಗಮನಾರ್ಹವಾಗಿ ತಗ್ಗುವದೆಂಬದು ನಿಜ. ಆದರೆ ಪಂದ್ಯಾಳುಗಳಂತೆ ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಹೋಗುವದನ್ನು ಮಕ್ಕಳಿಗೆ ಕಲಿಸಕೂಡದು. ಪಂಢರಪುರಕ್ಕೆ ನಡೆಯುವ ದಿಂಡಿಗಳನ್ನು ಕಂಡವರಿಗೆ, ಮುದುಕರೂ ಮಕ್ಕಳೂ ಕೂಡಿದ ಗುಂಪು ಒಂದೇ ನಡೆಯಲ್ಲಿ ದಿನಗಟ್ಟಲೆ ಸಾಗುವ ರೀತಿ ಗೊತ್ತೇ ಇದೆ. ಅಲ್ಲಿ ಓಡುವವರಿಲ್ಲ.

ಊಟಕ್ಕೋ ವಿಶ್ರಾಂತಿಗೋ ಅರ್ಧ ತಾಸು ನಿಂತರೆ ಕಾದ ಸ್ನಾಯು ತಣಿಯುವದು, ರಕ್ತವು ಹೊಟ್ಟೆಯ ಕಡೆಗೆ ತಿರುಗುವದು. ಆದುದರಿಂದ ಮತ್ತೆ ಹೊರಟಾಗ ಮೊದಲಿನ ಐದು ಹತ್ತು ನಿಮಿಷ ಪುನಃ ಹಗುರಾಗಿ ತುಳಿಯಬೇಕು. ಮಧ್ಯಾಹ್ನ ಏರಿದ ಬಿಸಿಲಿನಲ್ಲಿ ಬೆಳಗಿನ ಶ್ರಮಕ್ಕೇ ಎದೆಯು ಹೆಚ್ಚು ಬಡಿಯುವದು. ಗತಿಯನ್ನು ಒಂದೆರಡು ಕಿಲೋಮೀಟರು ಇಳಿಸಿಕೊಂಡರೆ ತಪ್ಪಲ್ಲ. ಊರು ಕಂಡೊಡನೆ ಓಟಕ್ಕೆ ಬೀಳದೆ, ಕೊನೆಯ ಹತ್ತು ನಿಮಿಷವನ್ನು ಮೊದಲಿನ ಹತ್ತು ನಿಮಿಷದಂತೆಯೇ ತುಳಿದು ಮುಟ್ಟಬೇಕು.

ಮರುದಿನ ಸೈಕಲ್ಲಿನ ಮೇಲೆಯೇ ಹಿಂದಿರುಗುವವರು ಬೆಳಿಗ್ಗೆ ತೊಡೆಗಳು ಬಿಗಿದು ನಿಂತಿರುವದನ್ನು ಕಂಡು ಗಾಬರಿಯಾಗಬಾರದು. ಅಂದು ಅರ್ಧ ತಾಸು ಸಾಲದು; ಮುಕ್ಕಾಲು ತಾಸು, ಬೇಕಾದರೆ ಹದಿನೈದು ಕಿಲೋಮೀಟರಿನವರೆಗೂ ಮಾತನಾಡುತ್ತ ಹೋಗಲಿ. ಹಾಗೆ ತುಳಿದೂ ಬಿಗಿತ ಸಡಿಲಾಗದೆ ಮೊಣಕಾಲಿನಲ್ಲಿ ಚುಚ್ಚುವ ನೋವು ಉಳಿದಿದ್ದರೆ, ಹೊರ್ತಿಯಲ್ಲಿ ಇಳಿದು ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿಬಿಡತಕ್ಕದ್ದು.